ಹತ್ತೊಂಬತ್ತು ದಿನ ಇಲ್ಲದವನು

ಜನವರಿ ೧೧

ಪಿಸು,

ಈ ಹೆಸರು ಹಿಡಿದು ನಿನ್ನನ್ನು ಕರೆಯುವವರು ಈಗ ಯಾರೂ ಉಳಿದಿರಲಿಕ್ಕಿಲ್ಲ. ಬರೆದವನು ಯಾರೆಂದು ಮೊದಲ ಸಾಲಿಗೇ ಗೊತ್ತಾಗಲಿ ಎಂದು ಹೀಗೆ ಶುರು ಮಾಡಿದೆ. ಹೌದು, ನಾನೇ, ಬುರುಡೆ. ಸಾಬೂನು ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಕೊನೆಯ ಮನೆಯವನು. ಬಾಯಿ ತೆರೆದರೆ ಬುರುಡೆ ಬಿಡುತ್ತೇನೆಂದು ನನಗೆ ಆ ಹೆಸರಿಟ್ಟವನು ನೀನು. ಗಂಟಲಲ್ಲೇ ಪಿಸುಗುಟ್ಟುತ್ತೀಯೆಂದು ನಿನಗೆ ಈ ಹೆಸರಿಟ್ಟವನು ನಾನು. ಅಲ್ಲಿಗೆ ಸಮಸಮ.

ನಿನ್ನ ವಿಳಾಸ ಸಿಕ್ಕಿದ್ದು ಅಮ್ಮನ ಬಾಯಿಂದ ಎಂದರೆ ನಂಬುತ್ತೀಯಾ? ಇದು ಬುರುಡೆಯಲ್ಲ. ಅಮ್ಮನಿಗೆ ಹಲ್ಲಿನ ಸೆಟ್ಟು ಕಟ್ಟಿಸಿದೆವು. ನಮ್ಮ ದಂತವೈದ್ಯರು ಅಳತೆ ತೆಗೆದು ಎಲ್ಲೋ ದೂರದ ಊರಿಗೆ ಕಳಿಸುತ್ತಾರಂತೆ. ಹೋದ ವಾರ ಸೆಟ್ಟು ಬಂತು. ಡಬ್ಬಿಯ ತಳದಲ್ಲಿ ಮಾಡಿದವನ ಹೆಸರು, ಅವನ ಅಪ್ಪನ ಹೆಸರು, ವಿಳಾಸ. ನಿನ್ನ ಅಪ್ಪನಂಥ ಹೆಸರು ಲೋಕದಲ್ಲಿ ಇನ್ನೊಬ್ಬರಿಗೆ ಇರಲಾರದು. ಅಂಚೆ ಕಚೇರಿಯಲ್ಲಿ ಅವರು ಕೂರುತ್ತಿದ್ದ ಕಿಟಕಿಯ ಮೇಲೆ ಆ ಹೆಸರಿನ ಹಲಗೆಯನ್ನು ಓದಿ ನಾವೆಲ್ಲ ನಗುತ್ತಿದ್ದೆವಲ್ಲ. ಹಾಗಾಗಿ ಈಗ ನಮ್ಮಮ್ಮ ನನ್ನನ್ನು ಬೈಯುವುದು ನೀನು ಮಾಡಿದ ಹಲ್ಲಿನಿಂದ. ಬಲು ಚೂಪಾಗಿವೆ.

ಡಬ್ಬಿಯ ಮೇಲೆ ಫೋನ್ ನಂಬರೂ ಇತ್ತು. ಮಾಡಲಿಲ್ಲ. ನೀನು ‘ಯಾರು?’ ಎಂದು ಕೇಳಿ, ನಾನು ಹೇಳಿ, ಆಮೇಲೆ ಇಬ್ಬರೂ ಸುಮ್ಮನಾಗಿಬಿಟ್ಟರೆ ಎಂಬ ಅಂಜಿಕೆ.

ನಾನು ಲಿಫ್ಟ್ ರಿಪೇರಿ ಮಾಡುತ್ತೇನೆ. ಹನ್ನೆರಡು ಕಟ್ಟಡಗಳು ನನ್ನ ಉಸ್ತುವಾರಿಯಲ್ಲಿವೆ. ದಿನದ ಅರ್ಧ ಭಾಗ ಕತ್ತಲೆಯ ಕೊಳವೆಯಲ್ಲಿ ಹಗ್ಗ ಹಿಡಿದು ನಿಂತಿರುತ್ತೇನೆ. ತಲೆಯ ಮೇಲೆಲ್ಲೋ ಜನ ಮಾತಾಡುವುದು ಕನಸಿನಲ್ಲಿ ಕೇಳಿದಂತೆ ಕೇಳುತ್ತದೆ. ಅಂಥ ಹೊತ್ತಿನಲ್ಲಿ ನಮ್ಮ ಬೀದಿ ನೆನಪಾಗುತ್ತದೆ. ಗೋಡೆ, ಮನೆ, ಮರ, ಎಲ್ಲಕ್ಕೂ ಸಾಬೂನಿನ ವಾಸನೆ. ಮಳೆ ಬಂದರೆ ಚರಂಡಿಯಲ್ಲಿ ನೊರೆ. ನಾವು ಏಳು ಜನ. ಎಂಥ ಚೆಂದದ ದಿನಗಳು.

ಮನೆಯಲ್ಲಿ ಎಲ್ಲರೂ ಕ್ಷೇಮ. ಹಲ್ಲು ಯಾರು ಮಾಡಿದ್ದೆಂದು ಅಮ್ಮನಿಗೆ ಇನ್ನೂ ಹೇಳಿಲ್ಲ. ಸಮಯ ನೋಡಿ ಹೇಳುತ್ತೇನೆ.

ನಿನ್ನ,
ಬುರುಡೆ


ಜನವರಿ ೨೬

ಮಾನ್ಯರೇ,

ತಮ್ಮ ಪತ್ರ ತಲುಪಿತು.

ತಮ್ಮ ತಾಯಿಯವರ ಸೆಟ್ಟು ಮೊದಲ ಹದಿನೈದು ದಿನ ಒತ್ತುವುದು ಸಹಜ. ಕೆಳದವಡೆಯ ಎಡಭಾಗದಲ್ಲಿ ಮೂಳೆ ಸವೆದಿರುವುದು ಅಚ್ಚಿನಲ್ಲೇ ಕಂಡಿತ್ತು. ಅಲ್ಲಿ ಹುಣ್ಣಾದರೆ ಸೆಟ್ಟನ್ನು ವೈದ್ಯರಲ್ಲಿ ತೋರಿಸಿ ಉಜ್ಜಿಸಬೇಕು, ಮನೆಯಲ್ಲಿ ಕೈ ಹಾಕಬಾರದು. ಮಲಗುವಾಗ ತೆಗೆದು ತಣ್ಣೀರಿನಲ್ಲಿಡಲಿ. ಬಿಸಿನೀರು ತಾಗಿದರೆ ಸೊಟ್ಟಗಾಗುತ್ತದೆ.

ತಾವು ಬರೆದ ಉಳಿದ ಸಂಗತಿಗಳು ನನಗೆ ಅಷ್ಟಾಗಿ ನೆನಪಿಲ್ಲ.

ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ಬರೆದಿದ್ದೀರಿ. ಎಲ್ಲರೂ ಎಂದರೆ ಯಾರ್ಯಾರು ಎಂದು ಬರೆದಿಲ್ಲ.

ಇತಿ ತಮ್ಮ ವಿಶ್ವಾಸಿ


ಫೆಬ್ರವರಿ ೩

ಪಿಸು,

ಮಾನ್ಯರೇ ಅಂತೆ. ಒಟ್ಟಿಗೆ ಮೂಗು ಸುರಿಸಿಕೊಂಡು ಬೆಳೆದವನಿಗೆ ಮಾನ್ಯರೇ. ನನ್ನ ಹೆಂಡತಿ ಅದನ್ನು ಓದಿ, “ನಿಮಗೆ ಜೀವಮಾನದಲ್ಲಿ ಒಬ್ಬರಾದ್ರೂ ಮರ್ಯಾದೆ ಕೊಟ್ರಲ್ಲ, ಬಿಡಿ” ಎಂದಳು.

ಎಲ್ಲರೂ ಎಂದರೆ ಅಮ್ಮ, ನಾನು, ಇವಳು, ಮಗಳು. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಸಾಕೇ?

ನಿನಗೆ ನೆನಪಿಲ್ಲವೆಂದರೆ ನಾನು ನಂಬುವುದಿಲ್ಲ. ನೆನಪಿನ ವಿಷಯದಲ್ಲಿ ನೀನು ಆನೆ. ಬೇಕಾದರೆ ನಾನೇ ನೆನಪಿಸುತ್ತೇನೆ: ‘ಇಲ್ಲ’ ಆಟ. ಅದನ್ನು ಕಟ್ಟಿದವನು ನಾನೇ, ಈಗಲೂ ಹೆಮ್ಮೆಯಿದೆ. ಬೆಳಿಗ್ಗೆ ಚೀಟಿ ಎತ್ತುವುದು. ಗೀಟು ಬಂದವನು ಅವತ್ತಿಡೀ ಇಲ್ಲ. ಅವನನ್ನು ಯಾರೂ ನೋಡುವಂತಿಲ್ಲ, ಅವನ ಮಾತು ಕೇಳಿಸುವಂತಿಲ್ಲ, ಮುಟ್ಟಿದರೂ ಗಾಳಿ ತಾಗಿದಂತೆ ಇರಬೇಕು. ಅವನು ನಮ್ಮ ಕೈಯಿಂದ ಸೇಬು ಕಚ್ಚಿಕೊಂಡು ಹೋಗಬಹುದು, ಟೋಪಿ ಹಾರಿಸಬಹುದು, ನಮ್ಮ ಗುಟ್ಟು ನಮ್ಮೆದುರೇ ನಿಂತು ಕೇಳಬಹುದು. ಸಂಜೆ ಬೀದಿದೀಪ ಹತ್ತಿದ ಮೇಲೆ ನಾನು ಕಟ್ಟೆಯ ಮೇಲೆ ನಿಂತು ತಲೆ ಎಣಿಸುತ್ತಿದ್ದೆ. ‘ಏಳು’ ಎಂದ ಕೂಡಲೇ ಇಲ್ಲದವನು ಇದ್ದವನಾಗುತ್ತಿದ್ದ. ಎಲ್ಲರೂ ಅವನ ಮೈಮೇಲೆ ಬಿದ್ದು ಗುದ್ದುತ್ತಿದ್ದೆವು.

ನೀನಂತೂ ಅದರಲ್ಲಿ ಎಲ್ಲರಿಗಿಂತ ಗಟ್ಟಿಗ. ಒಮ್ಮೆ ಸತತ ಮೂರೋ ನಾಲ್ಕೋ ದಿನ ಇಲ್ಲವಾಗಿದ್ದೆ. ನೆನಪಿದೆಯೇ?

ಬರೆ. ಹಲ್ಲಿನ ವಿಷಯ ಬೇಡ.

ಬುರುಡೆ


ಮಾರ್ಚ್ ೯

ಬುರುಡೆ,

ಹತ್ತೊಂಬತ್ತು ದಿನ. ಮೂರೋ ನಾಲ್ಕೋ ಅಲ್ಲ.

ನಿನ್ನ ಪತ್ರ ಬಂದು ಒಂದು ತಿಂಗಳಾಯಿತು. ಮೇಜಿನ ಮೇಲೆ ಮೇಣದ ದವಡೆಗಳ ನಡುವೆ ಬಿದ್ದಿತ್ತು. ನಾನು ಕೆಲಸ ಮಾಡುವುದು ಮನೆಯ ಹಿಂದಿನ ಒಂದು ಉದ್ದ ಕೋಣೆಯಲ್ಲಿ. ಗೋಡೆಯ ತುಂಬ ಬಿಳಿ ಗಚ್ಚಿನ ಬಾಯಿಗಳು, ಎಲ್ಲ ಅರ್ಧ ತೆರೆದು ಏನೋ ಹೇಳಲು ಹೊರಟಂತೆ. ಅವುಗಳ ಎದುರು ಕೂತು ನಿನಗೆ ಉತ್ತರ ಬರೆಯಲು ನಾಲ್ಕು ಸಲ ಶುರು ಮಾಡಿ ಹರಿದೆ.

ನೀನು ಮರೆತಿರುವೆಯೋ, ಮರೆತಂತೆ ಇರುವೆಯೋ ತಿಳಿಯದು. ಆದದ್ದು ಹೀಗೆ. ಕಾರ್ಖಾನೆ ಮುಚ್ಚಿದ ವರ್ಷ. ನಿನ್ನ ಅಪ್ಪ ಹಡಗಿನ ಕಪ್ತಾನರಾಗಿದ್ದರು ಎಂದು ನೀನು ಹೊಸ ಹುಡುಗನಿಗೆ ಕತೆ ಹೇಳುತ್ತಿದ್ದೆ. ನಾನು ಮೆಲ್ಲಗೆ, “ಅವ್ರು ಸಾಬೂನಿಗೆ ಕಾಗದ ಸುತ್ತೋರಲ್ವಾ?” ಎಂದೆ. ಕೊಂಕು ನನ್ನ ಮನಸ್ಸಿನಲ್ಲಿ ಇರಲಿಲ್ಲ. ಎಲ್ಲರೂ ನಕ್ಕರು. ಮರುದಿನ ಗೀಟಿನ ಚೀಟಿ ನನಗೆ ಬಂತು. ಸಂಜೆ ದೀಪ ಹತ್ತಿತು. ನೀನು ಕಟ್ಟೆ ಹತ್ತಿ ಎಣಿಸಿದೆ. ಆರು ಎಂದೆ. ಸ್ವಲ್ಪ ತಡೆದೆ. ಕೆಳಗಿಳಿದು ಮನೆಗೆ ಹೋದೆ.

ಮೊದಲೆರಡು ದಿನ ತಮಾಷೆಯೆಂದುಕೊಂಡೆ. ಆಮೇಲೆ ಒಂದು ವಿಚಿತ್ರ ಶುರುವಾಯಿತು. ರಜೆಯ ದಿನಗಳು, ಬಿಸಿಲು, ಬೀದಿಯ ಉದ್ದಕ್ಕೂ ನಾನು ನಡೆದರೆ ಯಾರ ಕಣ್ಣೂ ನನ್ನ ಮೇಲೆ ನಿಲ್ಲುತ್ತಿರಲಿಲ್ಲ, ನೀರಿನ ಮೇಲೆ ಎಲೆ ಜಾರಿದಂತೆ ಜಾರಿ ಹೋಗುತ್ತಿತ್ತು. ನನಗೆ ನಿಜವಾಗಿಯೂ ನಾನು ಇಲ್ಲವೇನೋ ಅನ್ನಿಸತೊಡಗಿತು. ನೆರಳು ಬೀಳುತ್ತದೆಯೇ ಎಂದು ತಿರುಗಿ ತಿರುಗಿ ನೋಡುತ್ತಿದ್ದೆ. ಮನೆಯಲ್ಲಿ ಅಮ್ಮ ಊಟಕ್ಕೆ ಕರೆದರೆ, ಇನ್ನಾರನ್ನೋ ಕರೆಯುತ್ತಿದ್ದಾಳೆಂದು ಸುಮ್ಮನೆ ಕೂರುತ್ತಿದ್ದೆ. ಹೇಳಿದ್ದರೆ ಅವಳು ನಂಬುತ್ತಿದ್ದಳು. ಆದರೆ ಹೇಳುವುದು ಏನನ್ನು? ಅವರು ನನಗೆ ಏನೂ ಮಾಡುತ್ತಿಲ್ಲ ಎಂದೇ?

ಈಗಲೂ ಕೆಲಸ ಮುಗಿಸಿ ಮನೆಯೊಳಗೆ ಬಂದರೆ ಹೊಸ್ತಿಲಲ್ಲಿ ನಿಂತುಬಿಡುತ್ತೇನೆ. ಯಾರಾದರೂ ನೋಡುವ ತನಕ ಒಳಗೆ ಕಾಲಿಡುವುದಿಲ್ಲ. ನನ್ನ ಹೆಂಡತಿಗೆ ಇದು ಅಭ್ಯಾಸವಾಗಿದೆ. ಬೆನ್ನು ತಿರುಗಿಸಿ ಕೂತಿದ್ದರೂ, “ಬಂದ್ರಾ, ಬನ್ನಿ” ಎನ್ನುತ್ತಾಳೆ.

ಇನ್ನೊಂದು ಮಾತು. ನಿನ್ನ ಮನೆಯವರ ಹೆಸರು ಬರೆಯುವಾಗ ಒಬ್ಬನನ್ನು ಬಿಟ್ಟಿದ್ದೀಯ. ಯಾಕೆಂದು ಬಲ್ಲೆ. ಆ ಸಂಜೆ ನಮ್ಮ ಮಾಳಿಗೆಯ ಕಿಟಕಿಯಿಂದ ನೋಡಿದೆ. ಬಿಳಿ ಬಟ್ಟೆ ಹೊದಿಸಿ ಅವನನ್ನು ಎತ್ತಿಕೊಂಡು ಹೋದರು. ಮುಖ ಕಾಣಲಿಲ್ಲ. ಹತ್ತು ದಿನದೊಳಗೆ ನಾವು ಊರು ಬಿಟ್ಟೆವು. ಅವನ ಬಗ್ಗೆ ನಾನು ಯಾರನ್ನೂ ಕೇಳಲಿಲ್ಲ, ನನಗೆ ಯಾರೂ ಹೇಳಲಿಲ್ಲ. ಮೂವತ್ತೈದು ವರ್ಷ ತಡವಾದರೂ ಈಗ ಬರೆಯುತ್ತಿದ್ದೇನೆ: ನಿನ್ನ ತಮ್ಮ ಬಾಲನ ಸಾವಿಗೆ ನನಗೆ ದುಃಖವಿದೆ. ನಿನ್ನ ತಾಯಿಗೂ ತಿಳಿಸು.

ಪಿಸು


ಮಾರ್ಚ್ ೧೪

ಪಿಸು,

ಬಾಲ ಸತ್ತಿಲ್ಲ.

ನಿನ್ನ ಪತ್ರ ಓದುವಾಗ ಅವನು ನನ್ನಿಂದ ಆರು ಅಡಿ ದೂರದಲ್ಲಿ ಕೂತು ಮಕ್ಕಳ ಗಣಿತದ ಪೇಪರು ತಿದ್ದುತ್ತಿದ್ದ. ನಾನು ತಲೆಯೆತ್ತಿ ತನ್ನನ್ನು ನೋಡಿದ್ದು ಕಂಡು, “ಏನಣ್ಣ, ದೆವ್ವ ಕಂಡಹಾಗೆ ನೋಡ್ತೀಯ?” ಎಂದ. ನಾನು ನಕ್ಕು ಪತ್ರ ಮಡಚಿಟ್ಟೆ.

ನಾನು ಹೋದಲ್ಲೆಲ್ಲ ಬೆನ್ನಿಗೆ ಅಂಟಿಕೊಂಡು ಬರುತ್ತಿದ್ದ ಆ ಆರು ವರ್ಷದ ಬಾಲಕ್ಕೆ ಈಗ ನಲವತ್ತೊಂದು. ಹೈಸ್ಕೂಲಿನಲ್ಲಿ ಮೇಷ್ಟ್ರು. ಪಕ್ಕದ ಬೀದಿಯಲ್ಲಿ ಬೇರೆ ಮನೆ ಮಾಡಿದ್ದಾನೆ, ಅದಕ್ಕೇ ನಮ್ಮ ಮನೆಯವರ ಸಾಲಿನಲ್ಲಿ ಅವನ ಹೆಸರು ಬರೆಯಲಿಲ್ಲ. ಅಷ್ಟೇ ಕಾರಣ.

ಅಷ್ಟೇ ಅಲ್ಲ. ಸುಳ್ಳು ಬರೆದು ಅಭ್ಯಾಸ. ಅವನ ಹೆಸರು ಬರೆದರೆ ಕಾಲಿನ ವಿಷಯವೂ ಬರೆಯಬೇಕಾಗುತ್ತಿತ್ತು. ಎಡಗಾಲನ್ನು ಮಂಡಿಯ ಕೆಳಗೆ ತೆಗೆದುಬಿಟ್ಟರು. ಕಾರ್ಖಾನೆಯ ತೊಟ್ಟಿಗೆ ಬಿದ್ದಾಗ ಸಾಬೂನು ಕಲಕುವ ಸರಳುಗಳ ನಡುವೆ ಸಿಕ್ಕಿಕೊಂಡಿತ್ತಲ್ಲ, ರಕ್ತ ಓಡದೆ ನೀಲಿಗಟ್ಟಿತ್ತು. ಒಂದೆರಡು ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿತ್ತು ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಆ ಮಾತನ್ನು ಅಪ್ಪ ಸಾಯುವ ತನಕ ಹೇಳುತ್ತಲೇ ಇದ್ದರು, ಊಟದ ನಡುವೆ, ಸುಮ್ಮಸುಮ್ಮನೆ: ಎರಡೇ ಗಂಟೆ.

ಬಾಲ ಮಾತ್ರ ಬಾಯಾಳಿ. ಶಾಲೆಯ ಆಟೋಟದ ದಿನ ತಾನೇ ಸೀಟಿ ಊದಿ ಓಟ ಶುರು ಮಾಡಿಸುತ್ತಾನೆ. “ನನ್ನ ಹಿಂದಿಕ್ಕೋಕೆ ಆಗ್ದೆ ಇರೋನಿಗೆ ಮಾರ್ಕು ಕಟ್” ಎನ್ನುತ್ತಾನೆ. ಮಕ್ಕಳಿಗೆ ಅವನೆಂದರೆ ಪ್ರಾಣ.

ಅವನು ಬದುಕಿದ್ದಾನೆಂದು ನಿನಗೆ ಗೊತ್ತೇ ಇರಲಿಲ್ಲ ಎಂಬುದು ನನ್ನ ತಲೆಗೆ ಹತ್ತುತ್ತಿಲ್ಲ. ಇಷ್ಟು ವರ್ಷ ನೀನು ಏನೆಂದುಕೊಂಡು ಬದುಕಿದೆ?

ಬುರುಡೆ


ಮಾರ್ಚ್ ೨೦

ಬುರುಡೆ,

ಪತ್ರವನ್ನು ನಿಂತಲ್ಲೇ ಓದಿದೆ. ಆಮೇಲೆ ಹೊರಗೆ ಹೋಗಿ ಬೀದಿಯ ಕೊನೆಯವರೆಗೂ ನಡೆದೆ, ತಿರುಗಿ ಬಂದೆ. ಎದುರು ಸಿಕ್ಕವರಿಗೆಲ್ಲ ಹೇಳಬೇಕೆನ್ನಿಸುತ್ತಿತ್ತು. ಹಣ್ಣಿನ ಅಂಗಡಿಯವಳಿಗೆ ಹೇಳಿಯೇಬಿಟ್ಟೆ: “ಸತ್ತಿದ್ದಾನೆ ಅಂದ್ಕೊಂಡಿದ್ದ ಹುಡುಗ ಮೇಷ್ಟ್ರಾಗಿದ್ದಾನಂತೆ.” ಅವಳು, “ಒಳ್ಳೇದಾಯ್ತಲ್ಲ ಸ್ವಾಮಿ” ಎಂದು ಎರಡು ಕಿತ್ತಳೆ ಹೆಚ್ಚಿಗೆ ಹಾಕಿದಳು.

ಮನೆಗೆ ಬಂದ ಮೇಲೆ ಕಾಲಿನ ಸಾಲನ್ನು ಮತ್ತೆ ಓದಿದೆ. ಎರಡೇ ಗಂಟೆ.

ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅವತ್ತು, ನನ್ನ ಹತ್ತೊಂಬತ್ತನೆಯ ದಿನ, ನಾನು ಕಾರ್ಖಾನೆಯಿಂದ ಓಡಿ ಬಂದೆ. ನೀವು ಆರು ಜನ ಕಟ್ಟೆಯ ಮೇಲೆ ಗೋಲಿ ಹಂಚಿಕೊಳ್ಳುತ್ತಿದ್ದಿರಿ. ನಿನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದೆ: “ನಿನ್ನ ತಮ್ಮ ತೊಟ್ಟೀಲಿ ಬಿದ್ದಿದ್ದಾನೆ.” ನೀನು ಉಳಿದವರ ಕಡೆ ನೋಡಿ, “ಯಾಕೋ ಗಾಳಿ ಜೋರಾಯ್ತು ಕಣ್ರೋ” ಎಂದೆ. ಎಲ್ಲರೂ ನಕ್ಕರು.

ನನ್ನ ದನಿ ಸಣ್ಣದು. ನಿನಗೆ ಕೇಳಿಸಲೇ ಇಲ್ಲವೇನೋ ಎಂದು ಸಾವಿರ ಸಲ ಸಮಾಧಾನ ಮಾಡಿಕೊಂಡಿದ್ದೇನೆ.

ಕೇಳಿಸಿತ್ತೇ?

ಪಿಸು


ಮೇ ೨

ಪಿಸು,

ಕೇಳಿಸಿತ್ತು.

ಈ ಒಂದು ಪದ ಬರೆಯಲು ಆರು ವಾರ ಹಿಡಿಯಿತು. ಬಾಕಿಯದನ್ನೂ ಬರೆದುಬಿಡುತ್ತೇನೆ, ನಿಲ್ಲಿಸಿದರೆ ಮತ್ತೆ ಆಗದು.

ಪ್ರತಿ ಅಕ್ಷರವೂ ಕೇಳಿಸಿತ್ತು. ನೀನು ಆಟ ಮುರಿಸಲು ಹೂಡಿದ ಉಪಾಯವೆಂದುಕೊಂಡೆ. ಅಷ್ಟೇ ಆಗಿದ್ದರೆ ಮಕ್ಕಳಾಟಿಕೆ ಎನ್ನಬಹುದಿತ್ತು. ಆದರೆ ಅರ್ಧಗಂಟೆ ಕಳೆದ ಮೇಲೆ, ಬಾಲ ಎಲ್ಲೂ ಕಾಣುತ್ತಿಲ್ಲವಲ್ಲ ಎಂದು ನನಗೇ ಹೊಳೆಯಿತು. ಆಗ ಎದ್ದು ಹೋಗಬಹುದಿತ್ತು. ಎದ್ದರೆ ನಿನ್ನ ಮಾತು ಕೇಳಿಸಿತ್ತೆಂದು ಉಳಿದವರಿಗೆ ಗೊತ್ತಾಗಿಬಿಡುತ್ತಿತ್ತು. ನಾನೇ ಕಟ್ಟಿದ ಆಟದಲ್ಲಿ ನಾನೇ ಸೋಲಬೇಕಿತ್ತು. ಗೋಲಿ ಆಡುತ್ತಲೇ ಇದ್ದೆ. ಎಲ್ಲವನ್ನೂ ಗೆದ್ದೆ. ಜೇಬು ಭಾರವಾಗಿ ಚಡ್ಡಿ ಜಾರುತ್ತಿತ್ತು, ಅದು ಕೂಡ ನೆನಪಿದೆ.

ಸಂಜೆ ಅಪ್ಪ ಹುಡುಕಿ ಅವನನ್ನು ಎತ್ತಿಕೊಂಡು ಬಂದರು. “ಯಾರಿಗೂ ಗೊತ್ತಾಗ್ಲಿಲ್ವೇನೋ?” ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ನನ್ನ ಬಾಯಿಗೆ ಬಂದದ್ದು ನಿನ್ನ ಹೆಸರು. “ಪಿಸು ಅವನನ್ನ ಕಾರ್ಖಾನೆಗೆ ಕರ್ಕೊಂಡು ಹೋಗಿದ್ದ. ಬೀಳ್ಸಿ ಓಡಿ ಹೋದ” ಎಂದೆ. ಒಂದೇ ಉಸಿರಿಗೆ. ನನ್ನ ಬದುಕಿನ ಅತಿ ದೊಡ್ಡ ಬುರುಡೆ ಅದು, ಎಲ್ಲರೂ ನಂಬಿದ್ದೂ ಅದೊಂದನ್ನೇ.

ನಿನ್ನ ಅಪ್ಪನಿಗೆ ವರ್ಗವಾಯಿತೆಂದು ಊರು ಬಿಟ್ಟಿರಿ ಎಂದು ನೀನು ತಿಳಿದಿರಬಹುದು. ವರ್ಗ ತಾನಾಗಿ ಬರಲಿಲ್ಲ. ನಮ್ಮ ಬೀದಿಯಲ್ಲಿ ನಿನ್ನ ಅಪ್ಪನ ಕಿಟಕಿಗೆ ಅಂಚೆಚೀಟಿಗೂ ಯಾರೂ ಹೋಗಲಿಲ್ಲ. ಅವರೇ ಬೇಡಿಕೊಂಡು ಹೋದರು.

ಡಬ್ಬಿಯ ತಳದ ಚೀಟಿಯನ್ನು ಅಮ್ಮ ನೋಡದಿರಲೆಂದು ನಾನು ಮೊದಲ ದಿನವೇ ಕಿತ್ತುಹಾಕಿದ್ದೆ. ಮೊನ್ನೆ ಭಾನುವಾರ ಅಮ್ಮನ ಎದುರು ಕೂತು ಎಲ್ಲ ಹೇಳಿದೆ, ಬಾಲನೂ ಇದ್ದ. ಅಮ್ಮ ಬಾಯಿಂದ ಸೆಟ್ಟು ತೆಗೆದು ಬಟ್ಟಲಿಗೆ ಹಾಕಿದಳು. ಬೊಚ್ಚುಬಾಯಲ್ಲೇ ಹೇಳಿದಳು: “ಆ ಹುಡುಗನ ತಾಯಿ ನಮ್ಮನೆ ಬಾಗಿಲಿಗೆ ಬಂದಿದ್ಳು ಕಣೋ. ಮಗು ಹೇಗಿದೆ ಅಂತ ಕೇಳೋಕೆ. ನಾನು ಒಳಗೇ ಕೂತು ಬಾಗಿಲು ತೆಗೀಲಿಲ್ಲ. ಬಹಳ ಹೊತ್ತು ನಿಂತಿದ್ಳು.” ಅಂದಿನಿಂದ ಅವಳು ಗಂಜಿ ಮಾತ್ರ ಕುಡಿಯುತ್ತಿದ್ದಾಳೆ. ನನ್ನೊಡನೆ ಮಾತಿಲ್ಲ.

ಬಾಲ ಎದ್ದು ಮನೆಗೆ ಹೋದ.

ಕ್ಷಮಿಸು ಎಂದು ಬರೆಯಲು ನನಗೆ ಮುಖವಿಲ್ಲ.

ಬುರುಡೆ


ಮೇ ೧೯

ಬುರುಡೆ,

ನಮ್ಮಮ್ಮ ನಿಮ್ಮ ಬಾಗಿಲಿಗೆ ಬಂದದ್ದು ನನಗೆ ಗೊತ್ತಿರಲಿಲ್ಲ. ಅವಳು ಹೋಗಿ ನಾಲ್ಕು ವರ್ಷವಾಯಿತು. ಒಂದು ದಿನವೂ ನನ್ನನ್ನು, ‘ನೀನು ಅವನನ್ನು ಬೀಳಿಸಿದೆಯಾ’ ಎಂದು ಕೇಳಲಿಲ್ಲ. ಕೇಳಬಾರದೆಂದು ತೀರ್ಮಾನಿಸಿ, ನನ್ನನ್ನು ಹಾಗೇ ಪ್ರೀತಿಸಿದಳು. ಅದನ್ನು ನೆನೆದು ಎರಡು ದಿನ ಕೆಲಸ ಮಾಡಲಾಗಲಿಲ್ಲ. ನಿನ್ನ ಮೇಲೆ ಸಿಟ್ಟು ಬಂತು. ಇನ್ನೂ ಇದೆ. ಬಚ್ಚಿಡುವುದಿಲ್ಲ.

ಆದರೆ ನೀನು ಎಲ್ಲವನ್ನೂ ಹೇಳಿದ ಮೇಲೆ ನಾನು ಸುಮ್ಮನಿದ್ದರೆ, ನಾನೂ ಒಂದು ಬುರುಡೆಯೇ ಆಗುತ್ತೇನೆ.

ನೀನು ಗಾಳಿ ಎಂದ ಮೇಲೆ ನಾನು ನಿಮ್ಮ ಮನೆಗೆ ಓಡಬಹುದಿತ್ತು. ನಮ್ಮ ಮನೆಗೆ ಓಡಬಹುದಿತ್ತು. ಬೀದಿಯಲ್ಲಿ ಹೋಗುವ ಯಾವ ದೊಡ್ಡವರನ್ನಾದರೂ ಹಿಡಿದು ಎಳೆದು ತರಬಹುದಿತ್ತು. ದೊಡ್ಡವರು ನಿಮ್ಮ ಆಟದಲ್ಲಿ ಇರಲಿಲ್ಲ. ಅವರಿಗೆ ನಾನು ಕಾಣುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ತೊಟ್ಟಿಯ ಬಳಿಗೆ ವಾಪಸು ಹೋದೆ. ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡಿದೆ. ಬಾಲ ಮೇಲೆ ನೋಡಿ, “ಪಿಸಣ್ಣಾ” ಎಂದ.

ಹತ್ತೊಂಬತ್ತು ದಿನದಲ್ಲಿ ನಮ್ಮ ಬೀದಿಯ ಒಂದು ಮಗುವಿನ ಬಾಯಿಂದ ನನ್ನ ಹೆಸರು ಬಂದದ್ದು ಅದೇ ಮೊದಲು. ಅವನು ಕೇಳಿದ್ದಕ್ಕೆ ನಾನು ಉತ್ತರ ಹೇಳುತ್ತಿದ್ದೆ, ನಾನು ಹೇಳಿದ್ದು ಅವನಿಗೆ ಕೇಳಿಸುತ್ತಿತ್ತು. ದೊಡ್ಡವರನ್ನು ಕರೆದರೆ ಅವನನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ, ನಾನು ಮತ್ತೆ ಇಲ್ಲವಾಗುತ್ತೇನೆ. ಹೀಗೆ ಬಿಡಿಸಿ ಯೋಚಿಸಿದೆನೆಂದು ಹೇಳಲಾರೆ. ಆದರೆ ಎದ್ದು ಹೋಗಲಿಲ್ಲ. ಮೂರು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ಮಲಗಿ ಅವನೊಡನೆ ಮಾತಾಡಿದೆ. ಬುರುಡೆ, ನಾನು ಅಷ್ಟು ಸಂತೋಷವಾಗಿ ಮತ್ತೆಂದೂ ಇರಲಿಲ್ಲ.

ಕೊನೆಗೆ ಅವನು ಮಾತು ನಿಲ್ಲಿಸಿದ. ಸತ್ತನೆಂದುಕೊಂಡು ಓಡಿಹೋಗಿ ಮಾಳಿಗೆಯಲ್ಲಿ ಅಡಗಿದೆ.

ಇದನ್ನು ಬಾಲನಿಗೆ ಓದಿ ಹೇಳು. ನಿನ್ನ ಸುಳ್ಳು ಪೂರ್ತಿ ಸುಳ್ಳಾಗಿರಲಿಲ್ಲ.

ಪಿಸು


ಜೂನ್ ೧೫

ಪಿಸಣ್ಣನಿಗೆ,

ನೀವು ಎನ್ನಲೋ ನೀನು ಎನ್ನಲೋ ತಿಳಿಯುತ್ತಿಲ್ಲ. ತೊಟ್ಟಿಯ ಒಳಗಿಂದ ನೀನು ಎಂದೇ ಕರೆದಿರಬೇಕು. ಹಾಗೇ ಇರಲಿ.

ನಿನ್ನ ಪತ್ರವನ್ನು ಅಣ್ಣ ಓದಿ ಹೇಳಲಿಲ್ಲ. ನನ್ನ ಕೈಗೆ ಕೊಟ್ಟು, ಟೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದ. ನಾನು ಎಲ್ಲ ಪತ್ರಗಳನ್ನೂ ಕೇಳಿ ತೆಗೆದುಕೊಂಡು ಒಟ್ಟಿಗೆ ಓದಿದೆ.

ಮೊದಲು ಬಂದದ್ದು ಸಿಟ್ಟು. ಮೂರು ವಾರ ಇಬ್ಬರ ಮೇಲೂ ಇತ್ತು. ಅಣ್ಣನ ಮನೆಗೆ ಹೋಗುವುದನ್ನೇ ಬಿಟ್ಟೆ. ತರಗತಿಯಲ್ಲಿ ಒಬ್ಬ ಹುಡುಗನನ್ನು ಪಕ್ಕದವನು ಮಾತಾಡಿಸಲಿಲ್ಲವೆಂದು ಇಡೀ ಬೆಂಚನ್ನು ನಿಲ್ಲಿಸಿದೆ, ಆಮೇಲೆ ನಾಚಿಕೆಯಾಯಿತು.

ಆಮೇಲೆ ಒಂದು ವಿಷಯ ಹೊಳೆಯಿತು. ನೀವಿಬ್ಬರೂ ಈ ಪತ್ರಗಳ ತುಂಬ ನನ್ನ ಕಾಲನ್ನು ‘ನನ್ನದು, ನನ್ನದು’ ಎಂದು ಎಳೆದಾಡುತ್ತಿದ್ದೀರಿ. ನಾನು ತೆಗೆದೆ ಎಂದು ಇವನು, ನಾನು ತೆಗೆದೆ ಎಂದು ನೀನು. ಕಾಲು ನನ್ನದು ಕಣಯ್ಯ. ಅದನ್ನು ನನಗೆ ಬಿಡಿ. ಬೀಳುವ ಮೊದಲು ತೊಟ್ಟಿಯ ಮೇಲಿನ ಹಲಗೆಯಲ್ಲಿ ಕುಣಿದವನು ನಾನು. ‘ಕುಣಿಯಬೇಡ’ ಎಂದು ಅಪ್ಪ ಹೇಳಿದ್ದರು. ಆಗಲೂ ಹಾಗೇ ಹೇಳಿದೆ, ಜ್ವರದ ಮಗುವಿನ ಮಾತೆಂದು ಯಾರೂ ನಂಬಲಿಲ್ಲ.

ಅಮ್ಮ ಈಗ ಸೆಟ್ಟು ಹಾಕಿಕೊಳ್ಳುತ್ತಿದ್ದಾಳೆ. ಅಣ್ಣನೊಡನೆ ಎರಡು ಮಾತಾಡಿದಳು: “ಉಪ್ಪು ಕೊಡು.” ಅವನು ಉಪ್ಪಿನ ಡಬ್ಬಿ ಹಿಡಿದುಕೊಂಡು ಅತ್ತುಬಿಟ್ಟ.

ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ, ಗೊತ್ತಿಲ್ಲ. ನನಗೆ ಬೇಕಾದದ್ದು ಬೇರೆ. ಬಿದ್ದ ಮೇಲಿನ ಆ ಮಧ್ಯಾಹ್ನ ನನ್ನ ನೆನಪಿನಲ್ಲಿ ಒಂದು ಚೂರೂ ಇಲ್ಲ. ಬಿದ್ದದ್ದು ಗೊತ್ತು, ಎದ್ದಾಗ ಆಸ್ಪತ್ರೆ. ಜ್ವರದಲ್ಲಿ, ಮೇಲೆ ಯಾರೋ ಇದ್ದರು, ಮಾತಾಡುತ್ತಿದ್ದರು ಎಂದು ಹೇಳುತ್ತಿದ್ದೆನಂತೆ. ಕನವರಿಕೆ ಎಂದರು. ಎರಡು ಕಾಲಿದ್ದ ನನ್ನನ್ನು ಕೊನೆಯದಾಗಿ ಮಾತಾಡಿಸಿದವನು ನೀನು. ಆ ಮೂರು ಗಂಟೆ ನಿನ್ನ ಹತ್ತಿರ ಮಾತ್ರ ಇದೆ.

ನಾವು ಏನು ಮಾತಾಡಿದೆವು? ಅದನ್ನು ಹೇಳು. ಬಂದು ಹೇಳಿದರೆ ಇನ್ನೂ ಒಳ್ಳೆಯದು.

ಬಾಲ


ಜೂನ್ ೨೩

ಬಾಲ,

ಮುಂದಿನ ತಿಂಗಳ ಎರಡನೆಯ ಭಾನುವಾರದ ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ನನ್ನ ಹೆಂಡತಿಯೂ ಬರುತ್ತಾಳೆ. ನಿನ್ನ ತಾಯಿಯ ಸೆಟ್ಟಿನ ಎಡಭಾಗವನ್ನು ನಾನೇ ಉಜ್ಜಿ ಸರಿಮಾಡಿ ಕೊಡುತ್ತೇನೆ, ಸಲಕರಣೆಗಳನ್ನು ಚೀಲಕ್ಕೆ ಹಾಕಿಕೊಂಡಿದ್ದೇನೆ. ಬುರುಡೆಗೆ ಏನು ಹೇಳುತ್ತೇನೋ ತಿಳಿಯದು. ಎದುರು ಬದುರು ನಿಂತಾಗ ನೋಡೋಣ.

ಆದರೆ ನೀನು ಕೇಳಿದ್ದನ್ನು ಮೊದಲೇ ಬರೆದು ಕಳಿಸುತ್ತಿದ್ದೇನೆ. ನಿನ್ನ ಮುಖ ನೋಡಿಕೊಂಡು ಕೊನೆಯ ಮಾತನ್ನು ಹೇಳಲಾರೆ. ಇದನ್ನು ಓದಿದ ಮೇಲೆ ಬರುವುದು ಬೇಡ ಅನ್ನಿಸಿದರೆ ಒಂದು ಸಾಲು ಹಾಕು.

ಛಾವಣಿಯ ಗಾಜು ಒಡೆದಿತ್ತು. ಬಿಸಿಲು ತುಂಡು ತುಂಡಾಗಿ ಇಳಿಯುತ್ತಿತ್ತು. ತೊಟ್ಟಿಯ ಗೋಡೆಗೆ ಒಣಗಿದ ಸಾಬೂನು ಹೆಪ್ಪುಗಟ್ಟಿತ್ತು, ನೀನು ಬಿದ್ದ ರಭಸಕ್ಕೆ ಅದರ ಪುಡಿ ಎದ್ದು ಬೆಳಕಿನಲ್ಲಿ ತೇಲುತ್ತಿತ್ತು. ನಿನ್ನ ತಲೆಗೂದಲು, ಹುಬ್ಬು ಎಲ್ಲ ಬೆಳ್ಳಗೆ. ಮೊದಲು ನೀನು ಜೋರಾಗಿ ಅತ್ತೆ. ನಾನು ಮೇಲಿನಿಂದ ಸಾಬೂನಿನ ಹಳೆಯ ಕಾಗದಗಳನ್ನು ಒಂದೊಂದಾಗಿ ಬಿಟ್ಟೆ. ಅವು ತಿರುಗುತ್ತ ತಿರುಗುತ್ತ ನಿನ್ನ ಮೇಲೆ ಬಂದು ಕೂತವು. ನೀನು ಅಳು ನಿಲ್ಲಿಸಿ, “ಇನ್ನೊಂದು ಬಿಡು” ಎಂದೆ.

ಮೀನು ಮಲಗುವಾಗ ಕಣ್ಣು ಮುಚ್ಚುತ್ತದೆಯೇ ಎಂದು ನೀನು ಕೇಳಿದೆ. ಇಲ್ಲ ಎಂದೆ ನಾನು. ಹಾಗಾದರೆ ಅದಕ್ಕೆ ಕನಸು ಬಿದ್ದದ್ದು ಹೇಗೆ ಗೊತ್ತಾಗುತ್ತದೆ ಎಂದೆ ನೀನು. ತೊಲೆಯ ಮೇಲೆ ಪಾರಿವಾಳಗಳಿದ್ದವು. ನೀನು ಒಂಬತ್ತು ಎಣಿಸಿದೆ, ನಾನು ಎಂಟು. ಅದಕ್ಕೆ ಜಗಳವಾಯಿತು. ನಿನಗೆ ಎರಡರ ಮಗ್ಗಿ ಎರಡಾರ್ಲಿ ಹನ್ನೆರಡರ ತನಕ ಬರುತ್ತಿತ್ತು. ಮುಂದಿನದನ್ನು ನಾನು ಹೇಳಿಕೊಟ್ಟೆ. ಮೂರು ಸಲ ತಪ್ಪಿ ನಾಲ್ಕನೆಯ ಸಲ ಇಪ್ಪತ್ತು ಮುಟ್ಟಿದೆ. ಇಬ್ಬರೂ ಚಪ್ಪಾಳೆ ತಟ್ಟಿದೆವು. ಖಾಲಿ ಕಾರ್ಖಾನೆ ತುಂಬ ಆ ಸದ್ದು ಸುತ್ತಿತು.

“ನೀನು ಇಲ್ಲ ಅಂತಾರಲ್ಲ ಎಲ್ರೂ, ನಿಜಾನಾ?” ಎಂದು ನೀನು ಕೇಳಿದೆ. “ನಿಂಗೆ ಕಾಣಿಸ್ತಿದೀನಾ?” ಎಂದೆ ನಾನು. “ಹೂಂ, ಮೂಗಿನ ಹೊಳ್ಳೆ ಕಾಣಿಸ್ತಿದೆ” ಎಂದೆ ನೀನು.

ಬಿಸಿಲಿನ ತುಂಡುಗಳು ಗೋಡೆ ಹತ್ತಿದವು. ನಿನ್ನ ದನಿ ಸಣ್ಣಗಾಗುತ್ತ ಬಂತು, ನನ್ನ ದನಿಯಷ್ಟು. “ನೋಯ್ತಿದೆಯಾ?” ಎಂದು ನಾನು ಕೇಳಿದೆ.

“ಇಲ್ಲ, ಕಾಲಿಗೆ ನಿದ್ದೆ ಬಂದಿದೆ” ಎಂದೆ ನೀನು. ಆಮೇಲೆ, “ಪಿಸಣ್ಣ, ನಮ್ಮಪ್ಪನ್ನ ಕರೀತೀಯಾ?” ಎಂದೆ.

“ಇನ್ನೊಂಚೂರು ಹೊತ್ತು ಮಾತಾಡೋಣ, ಆಮೇಲೆ ಕರೀತೀನಿ” ಎಂದೆ ನಾನು.

ನೀನು ಸ್ವಲ್ಪ ಯೋಚಿಸಿ, “ಹೂಂ” ಎಂದೆ.